ತುಳಜಾರಾಮ ಅವ್ವನ ಫೋಟೋ ಕತ್ತರಿಸಿದ ವೃತ್ತಾಂತ

ದುಬಲಗುಂಡಿಯ ತುಳಜಾರಾಮ ಯಾವ ಫೋಟೋವನ್ನೂ ಮೊದಲು ಮುಂದಿನಿಂದ ನೋಡಿದವನಲ್ಲ. ಕೈಗೆ ಬಂದ ತಕ್ಷಣ ತಿರುವಿ ಬೆನ್ನು ನೋಡುತ್ತಾನೆ. ಅಲ್ಲಿ ಯಾರೂ ಏನೂ ಬಚ್ಚಿಟ್ಟಿಲ್ಲ ಎಂದು ಖಾತ್ರಿಯಾದ ಮೇಲೆಯೇ ಮುಖದ ಕಡೆ ಬರುವುದು. ಈ ಚಾಳಿಯ ಕೀರ್ತಿ ಹುಮನಾಬಾದ್ ದಾಟಿ ಬಸವಕಲ್ಯಾಣದ ಕೋಟೆ ಬಾಗಿಲಿಗೆ ಮುಟ್ಟಿದೆ. ಭಾವಮೈದುನನಿಗೆ ತೋರಿಸಲು ತಂದ ಹುಡುಗಿಯ ಫೋಟೋ ತಿರುವಿ, ಹಿಂದೆ ಪೆನ್ಸಿಲಿನಲ್ಲಿ ಬರೆದಿದ್ದ ಇನ್ನೊಬ್ಬ ವರನ ಮೊಬೈಲ್ ನಂಬರನ್ನು ಎಲ್ಲರೆದುರು ಗಟ್ಟಿಯಾಗಿ ಓದಿದವನು ಇವನೇ. ಬಸ್ ನಿಲ್ದಾಣದ ಎದುರು ಯಾರೋ ಮುಖಂಡರ ಹುಟ್ಟುಹಬ್ಬಕ್ಕೆ ಮನೆಯಷ್ಟು ದೊಡ್ಡ ಬ್ಯಾನರ್ ನಿಂತಾಗ, ಊರೆಲ್ಲ ಮುಂದೆ ನಿಂತು ನೋಡುತ್ತಿದ್ದರೆ ಇವನು ಸುತ್ತು ಹಾಕಿ ಹಿಂದೆ ಹೋಗಿ ಬಂದ. "ಬರೇ ಬಂಬು ಅದಾವ. ಒಬ್ಬಾಂವ ಮಲಗ್ಯಾನ" ಎಂದು ವರದಿ ಒಪ್ಪಿಸಿದ. ಮೊಬೈಲಿನಲ್ಲಿ ಫೋಟೋ ತೋರಿಸಿದರೆ ಮೊಬೈಲನ್ನೇ ತಿರುವುತ್ತಾನೆ.

ಅವನ ಕಸುಬೇ ಹಾಗೆ. ಹುಮನಾಬಾದಿನ ಕಾಳಿನ ಮಾರುಕಟ್ಟೆಯಲ್ಲಿ ಇಪ್ಪತ್ತಾರು ವರ್ಷದಿಂದ ಚೀಲ ಪರೀಕ್ಷೆ ಮಾಡುವ ಕೆಲಸ. ಮೇಲೆ ಬಂಗಾರದಂಥ ತೊಗರಿ, ನಡುವೆ ಹುಳುಕು, ತಳದಲ್ಲಿ ಹರಳು ತುಂಬಿ ತಂದ ಮಹಾಪುರುಷರನ್ನು ಅವನು ಸಾವಿರಗಟ್ಟಲೆ ಕಂಡಿದ್ದಾನೆ. ಚೂಪು ಕೊಳವೆಯನ್ನು ಚೀಲದ ಹೊಟ್ಟೆಗೆ ಚುಚ್ಚಿ ಒಳಗಿನ ಕಾಳು ಹೊರತೆಗೆಯದೆ ಯಾರ ಮಾತನ್ನೂ ನಂಬುವುದಿಲ್ಲ.

ಇಂಥವನ ಮನೆಯಲ್ಲೇ ಅನ್ಯಾಯ ನಡೆದಿತ್ತು. ಅಪ್ಪ ತೀರಿಕೊಂಡಾಗ ತಮ್ಮ ದಿಲೀಪ ಒಂದು ಹಳೆಯ ಫೋಟೋವನ್ನು ಬಸವಕಲ್ಯಾಣದ ಸ್ಟುಡಿಯೋ ಒಂದಕ್ಕೆ ಕೊಟ್ಟು ದೊಡ್ಡದು ಮಾಡಿಸಿ ತಂದಿದ್ದ. ಜೀವಮಾನವಿಡೀ ಧೋತರ, ರುಮಾಲಿನಲ್ಲೇ ಕಳೆದ ಅಪ್ಪ ಚೌಕಟ್ಟಿನೊಳಗೆ ನೀಲಿ ಕೋಟು, ಕೆಂಪು ಟೈ ತೊಟ್ಟು ಬಂದ. ರುಮಾಲು ತೆಗೆದ ಜಾಗದಲ್ಲಿ ಬೋಳುತಲೆಯ ಬದಲು ಎಡಕ್ಕೆ ಬೈತಲೆ ತೆಗೆದ ಕಪ್ಪು ಕೂದಲು. ಮನೆಗೆ ಬಂದವರು "ಯಾರ್ರಿ ಈ ಸಾಹೇಬ್ರು?" ಎಂದು ಕೇಳತೊಡಗಿದರು. ತುಳಜಾರಾಮನ ಹೆಂಡತಿ ಮೀರಾಬಾಯಿ ಊದಿನಕಡ್ಡಿ ಹಚ್ಚುವಾಗ ಪ್ರತಿ ದಿನ ಗೊಂದಲಕ್ಕೆ ಬೀಳುತ್ತಿದ್ದಳು. "ಮಾವನ ಮುಂದ ತಲಿ ಮ್ಯಾಲ ಸೆರಗು ಹೊದ್ದೀನಿ. ಈ ಮನುಷ್ಯಾನ ಮುಂದ ಹೊದಿಬೇಕೋ ಬ್ಯಾಡೋ, ನೀವೇ ಹೇಳ್ರಿ."

ಹೋದ ವರ್ಷ ಅವ್ವ ಹೋದಳು. ಫೋಟೋ ಎಂದರೆ ಅಡುಗೆಮನೆ ಸೇರುತ್ತಿದ್ದ ಹೆಂಗಸು ಅವಳು. ಇದ್ದದ್ದು ಒಂದೇ ಫೋಟೋ, ಸೋದರಿಯ ಮಗಳ ಮದುವೆಯಲ್ಲಿ ಹದಿನೆಂಟು ಮಂದಿಯ ನಡುವೆ ಸಿಕ್ಕಿಬಿದ್ದದ್ದು. ಮೊದಲ ಪುಣ್ಯತಿಥಿಗೆ ಅವ್ವ ಗೋಡೆಗೆ ಏರಬೇಕು. ಬಸವಕಲ್ಯಾಣದಿಂದ ದಿಲೀಪ ಫೋನ್ ಮಾಡಿದ.

"ಅಣ್ಣಾ, ಫೋಟೋ ಕಳಿಸು. ಸ್ಟುಡಿಯೋದಾಂವ ರೇಷ್ಮಿ ಸೀರಿ ಉಡಿಸಿ ಕೊಡ್ತಾನ. ಹಲ್ಲೂ ಸರಿ ಮಾಡ್ತಾನಂತ."

"ಅವ್ವನ ಹಲ್ಲಿಗೆ ಏನಾಗ್ಯಾದ?"

"ಒಂದು ಮುಂದ ಬಂದದಲ್ಲ."

"ಆ ಹಲ್ಲಿಲೇ ನಿನಗ ಕಬ್ಬು ಸುಲಿದು ಕೊಟ್ಟಾಳ. ಬ್ಯಾಡ. ನಾನೇ ಮಾಡ್ತೀನಿ."

ದಿಲೀಪ ನಕ್ಕ. ಆದರೂ ಮೊಬೈಲಿನಲ್ಲಿ ತೆಗೆದಿಟ್ಟುಕೊಂಡಿದ್ದ ಅದೇ ಫೋಟೋದ ನಕಲಿನಿಂದ ತಾನೂ ಒಂದು ಮಾಡಿಸಿ ತರುವೆ, ಪುಣ್ಯತಿಥಿಯ ದಿನ ನಾಲ್ಕು ಮಂದಿ ಯಾವುದು ಚೆಂದ ಅನ್ನುತ್ತಾರೋ ಅದು ಗೋಡೆಗೆ ಎಂದು ಶರ್ತು ಹಾಕಿ ಫೋನ್ ಇಟ್ಟ. ಹೀಗೆ ಐವತ್ಮೂರನೆಯ ವಯಸ್ಸಿನಲ್ಲಿ, ಪುಣ್ಯತಿಥಿಗೆ ಇಪ್ಪತ್ತೆರಡು ದಿನ ಇರುವಾಗ, ತುಳಜಾರಾಮ ಯುದ್ಧಕ್ಕೆ ಹೊರಟ.

ರಣರಂಗ ಎಂದರೆ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಮಹಜಬೀನ್ ನಡೆಸುವ ಝೆರಾಕ್ಸ್ ಅಂಗಡಿ. ಅವಳು ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಾಳೆ, ಲಗ್ನಪತ್ರಿಕೆ ಮಾಡುತ್ತಾಳೆ, ಇಬ್ಬರು ಮಕ್ಕಳಿಗೆ ಅಲ್ಲೇ ಮನೆಪಾಠ ಮಾಡಿಸುತ್ತಾಳೆ. ದಿನಾ ಕಾಳಿನ ಹರಾಜು ಮುಗಿದ ಮೇಲೆ ತುಳಜಾರಾಮ ಮೈಮೇಲಿನ ತೊಗರಿ ಧೂಳು ಝಾಡಿಸಿ ಅವಳ ಕಂಪ್ಯೂಟರಿನ ಎದುರು ಕೂರತೊಡಗಿದ. ಕೂರುವ ಮೊದಲು ಅದರ ಹಿಂದೆ ಹೋಗಿ ವೈರುಗಳನ್ನು ಎಣಿಸಿದ.

ಮೂಲ ಫೋಟೋ ಅಂಗಡಿಯಲ್ಲಿ ರಾತ್ರಿ ಉಳಿಯಬಾರದು ಎಂಬುದು ಅವನ ಮೊದಲ ಷರತ್ತು. ಕಂಪ್ಯೂಟರಿನೊಳಗೂ ಅವ್ವ ಉಳಿಯಬಾರದು ಎಂಬುದು ಎರಡನೆಯದು. ಹಾಗಾಗಿ ಅವ್ವ ಪೆನ್ ಡ್ರೈವಿನಲ್ಲಿ, ಪೆನ್ ಡ್ರೈವ್ ಉಡದಾರದಲ್ಲಿ, ದಿನಾ ಸಂಜೆ ದುಬಲಗುಂಡಿ ಬಸ್ಸು ಹತ್ತಿ ಮನೆಗೆ ಹೋಗುತ್ತಿದ್ದಳು.

"ಕಾಕಾ, ಇದಕ್ಕ ಲೇಯರ್ ಅಂತಾರ. ಒಂದರ ಮ್ಯಾಲ ಒಂದು ಪದರ. ಮ್ಯಾಲಿಂದು ಮಾತ್ರ ಕಾಣ್ತದ, ಕೆಳಗಿಂದು ಮುಚ್ಚಿರ್ತದ," ಎಂದಳು ಮಹಜಬೀನ್.

"ಗೊತ್ತದ. ನಮ್ಮ ಬಜಾರದಾಗ ದಿನಾ ಬರ್ತಾವ ಇಂಥವು."

ಹೆಚ್ಚಿನವರು ತಿಂಗಳು ತಿಣುಕುವ ಈ ಪಾಠವನ್ನು ಅವನು ಅರೆಗಳಿಗೆಯಲ್ಲಿ ನುಂಗಿದ. ಅವನನ್ನು ಕಂಗೆಡಿಸಿದ್ದು ತಪ್ಪು ಮಾಡಿದರೆ ಹಿಂದಕ್ಕೆ ಹೋಗುವ ಗುಂಡಿ. ಒತ್ತಿದರೆ ಮಾಡಿದ್ದೆಲ್ಲ ಮಾಡದಂತಾಯಿತು.

"ಹಂಗಾದರ ನಾ ಮಾಡಿದ್ದಕ್ಕ ಸಾಕ್ಷಿ ಯಾರು?"

"ಯಾರೂ ಇಲ್ರಿ ಕಾಕಾ. ಅದಕ್ಕ ಎಲ್ಲಾರೂ ಖುಷಿ ಪಡ್ತಾರ."

"ಕಳ್ಳರು ಖುಷಿ ಪಡ್ತಾರ."

ಐದನೆಯ ದಿನ ದೊಡ್ಡ ಕಾಳಗ. ಮಹಜಬೀನ್ ಒಳ್ಳೆಯ ಮನಸ್ಸಿನಿಂದಲೇ ಮುಖ ತೊಳೆಯುವ ಗುಂಡಿಯೊಂದನ್ನು ಒತ್ತಿ ತೋರಿಸಿದಳು. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಅವ್ವನ ಕೆನ್ನೆಯ ಸಿಡುಬಿನ ಕಲೆ ಹೋಯಿತು, ಹಣೆಯ ಗೆರೆ ಹೋಯಿತು, ಗದ್ದದ ಮೇಲಿನ ಹಚ್ಚೆಯ ಮೂರು ಚುಕ್ಕಿಯೂ ಹೋಯಿತು. ಮಷಿನ್ನು ಅದನ್ನು ಕೊಳೆ ಎಂದು ತಿಳಿದಿತ್ತು. ತುಳಜಾರಾಮ ಎದ್ದು ನಿಂತ.

"ಹಚ್ಚಿ ಎಲ್ಲಿ ಹೋತು?"

"ಸಾಫ್ ಆತ್ರಿ."

"ಎಲ್ಲಿ ಹೋತು ಅಂತ ಕೇಳಾಕತ್ತೇನಿ, ಬೇಟಿ. ಹೋಗಾಕ ಒಂದು ಜಾಗಾ ಇರಬೇಕಲ್ಲ."

ಸತ್ತ ಮೇಲೆ ಬಂಗಾರ ಬಿಚ್ಚಿಕೊಳ್ಳುತ್ತಾರೆ, ಸೀರೆ ಸುಡುತ್ತಾರೆ, ಹಚ್ಚೆ ಮಾತ್ರ ಜೊತೆಗೆ ಬರುತ್ತದೆ ಎಂದು ಅವ್ವ ಹೇಳುತ್ತಿದ್ದಳು. ಯಮನೂ ಕೈಹಚ್ಚದ ಮೂರು ಚುಕ್ಕಿಯನ್ನು ಹುಮನಾಬಾದಿನ ಓಣಿಯಲ್ಲಿ ಒಂದು ಗುಂಡಿ ಕಿತ್ತುಕೊಂಡಿತ್ತು. ಮಹಜಬೀನ್ ಗಾಬರಿಯಿಂದ ಹಿಂದಕ್ಕೆ ಹೋಗುವ ಗುಂಡಿ ಒತ್ತಿದಳು. ಚುಕ್ಕಿ ಬಂದವು. ಅವನು ಎಣಿಸಿದ. ಅಂದಿನಿಂದ ಅವನು ಕಲಿಯುವುದೇನಿದ್ದರೂ ಕತ್ತರಿಸುವುದು ಮಾತ್ರ ಎಂದು ತೀರ್ಮಾನವಾಯಿತು. ದಿನಾ ಬಂದ ಕೂಡಲೇ ಪರದೆಯ ತುಂಬ ಅವ್ವನ ಮುಖ ದೊಡ್ಡದು ಮಾಡಿ, ಕಲೆ ಎಷ್ಟು, ಗೆರೆ ಎಷ್ಟು, ಹಲ್ಲು ತನ್ನ ಜಾಗದಲ್ಲಿದೆಯೇ ಎಂದು ಹಾಜರಿ ತೆಗೆದುಕೊಳ್ಳುತ್ತಿದ್ದ. ಸಂಜೆ ಏಳುವ ಮುಂಚೆ ಇನ್ನೊಮ್ಮೆ.

ಕತ್ತರಿಸುವುದೆಂದರೆ ಆಕೃತಿಯ ಸುತ್ತ ಚುಕ್ಕಿ ಇಡುತ್ತಾ ಹೋಗಿ ಗಂಟು ಹಾಕುವುದು. ಅವನು ಅದನ್ನು ಹೊಲಕ್ಕೆ ಬದು ಹಾಕಿದಂತೆ ಹಾಕಿದ. ಅವ್ವನ ಪಾಲಿನದು ಒಂದು ಎಳೆಯೂ ಆಚೆ ಹೋಗಬಾರದೆಂದು ಎಲ್ಲ ಕಡೆಯೂ ಒಂದು ಬೆರಳು ಹೊರಗೇ ಸರಿಸಿ ಹಾಕಿದ. ಹದಿನೆಂಟು ಮಂದಿಯಲ್ಲಿ ಹದಿನೇಳು ಮಂದಿ ಮಾಯವಾದರು.

"ಹಿಂದ ಜಲಪಾತ ಹಾಕಲಾ ಕಾಕಾ? ಎಲ್ಲಾರೂ ಹಾಕಸ್ತಾರ."

"ಅವ್ವಗ ಥಂಡಿ ಆಗಿಬರ್ತಿರಲಿಲ್ಲ."

ಹಿಂದೆ ಬರಿ ಬಿಳಿ ಬಣ್ಣ ಬಂತು. ಮುದ್ರಣವಾದದ್ದನ್ನು ನೋಡಿ ಮಹಜಬೀನಳಿಗೆ ಒಂದು ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹಚ್ಚೆಯ ದಿನ ನೆನಪಾಯಿತು. ಇದನ್ನೂ ಕಾಕಾ ಬೇಕಂತಲೇ ಇಟ್ಟಿರಬೇಕು ಎಂದುಕೊಂಡು ಸುಮ್ಮನೆ ಚೌಕಟ್ಟು ಕಟ್ಟಿಸಿ ಕೊಟ್ಟಳು.

ಪುಣ್ಯತಿಥಿಯ ಬೆಳಗ್ಗೆ ಮನೆ ತುಂಬಿತ್ತು. ದಿಲೀಪ ತನ್ನ ಫೋಟೋವನ್ನು ಬಟ್ಟೆಯಲ್ಲಿ ಸುತ್ತಿ ತಂದು ಬಗಲಲ್ಲಿಟ್ಟುಕೊಂಡು ನಿಂತಿದ್ದ. ಹಿರಿಯನ ಸರದಿ ಮೊದಲು. ತುಳಜಾರಾಮ ಮೊಳೆಗೆ ತೂಗುಹಾಕಿ ಹಿಂದೆ ಸರಿದ. ಅವ್ವನ ತಂಗಿ ಚಂದಮ್ಮ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡಿದಳು. ಕಲೆ ನೋಡಿದಳು, ಹಲ್ಲು ನೋಡಿದಳು, ಹಚ್ಚೆಯ ಮೇಲೆ ಬೆರಳಾಡಿಸಿದಳು. ಆಮೇಲೆ ಬೆರಳು ಕೆಳಗಿಳಿದು ನಿಂತಿತು.

"ಇದು ಯಾರ ಕೈ?"

ಅವ್ವನ ಎಡ ಹೆಗಲ ಮೇಲೆ ಒಂದು ಕೈ ಇತ್ತು. ನಾಲ್ಕು ಬೆರಳು, ಮಣಿಕಟ್ಟಿನಲ್ಲಿ ಅರ್ಧ ಡಜನ್ ಹಸಿರು ಬಳೆ. ಬಳೆಯ ಆಚೆ ಮನುಷ್ಯರೇ ಇರಲಿಲ್ಲ. ಬರಿ ಬಿಳಿ.

ದಿಲೀಪ ಗಹಗಹಿಸಿದ. "ನೋಡ್ರಿ ನಮ್ಮಣ್ಣನ ವಿದ್ಯಾ. ಸ್ಟುಡಿಯೋದಾಂವ ಆಗಿದ್ದರ ಎರಡು ಮಿನಿಟಿನಾಗ ತೆಗೀತಿದ್ದ."

"ಹಲ್ಲು ಕಿಸೀಬ್ಯಾಡೋ," ಎಂದಳು ಚಂದಮ್ಮ. "ಹಸರ ಬಳಿ ಕಾಣೂದಿಲ್ಲಾ? ತುಳಜಾಪುರದ ದೇವಿ ಕೈ ಅದು. ಅಕ್ಕ ವರ್ಷಾ ನಡಕೋತ ಹೋಗಿ ಬರ್ತಿದ್ದಳು. ಆಕೀನೇ ಬಂದು ಕೈ ಇಟ್ಟಾಳ."

ಯಾರೋ ಚಪ್ಪಲಿ ಆಚೆ ಸರಿಸಿದರು, ಯಾರೋ ಕೈ ಮುಗಿದರು. ಚಂದಮ್ಮ ಅರಿಸಿನ ಕುಂಕುಮ ತೆಗೆದು ನಾಲ್ಕೂ ಬೆರಳಿಗೆ ಒಂದೊಂದಾಗಿ ಹಚ್ಚಿದಳು. ಆರತಿ ತಟ್ಟೆ ಹಿಡಿದು ನಿಂತಿದ್ದ ಮೀರಾಬಾಯಿ ಫೋಟೋ ನೋಡಿದಳು. ಆ ಮದುವೆಯಲ್ಲಿ ಅತ್ತೆ ಓಡಿಹೋಗದಂತೆ ಹೆಗಲು ಹಿಡಿದು ನಿಲ್ಲಿಸಿದವರು ಯಾರೆಂದು ಅವಳಿಗೆ ಗೊತ್ತಿತ್ತು. ತನ್ನ ಮಣಿಕಟ್ಟು ನೋಡಿಕೊಂಡಳು, ತಟ್ಟೆಯನ್ನು ಬಲಗೈಗೆ ದಾಟಿಸಿ, ಎಡಗೈಯನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡಳು.

ದಿಲೀಪನೂ ತನ್ನ ಫೋಟೋಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿದ. ರೇಷ್ಮೆ ಸೀರೆ, ಸಾಲು ಹಲ್ಲು, ಹಾಲಿನಂಥ ಗದ್ದ. ಚಂದಮ್ಮ ತಿರುಗಿ ನೋಡಿ, "ಭಾಳ ಚೆಂದ ಅದಾಳ. ಯಾರ ಪೈಕಿ ಈಕಿ?" ಎಂದಳು. ದಿಲೀಪ ಬಟ್ಟೆಯನ್ನು ಮತ್ತೆ ಸುತ್ತಿದ.

ಊಟವಾದ ಮೇಲೆ ಮಂದಿ ಕರಗಿದರು. ಇಬ್ಬರೇ ಉಳಿದಾಗ ದಿಲೀಪ ಅಣ್ಣನ ಪಕ್ಕಕ್ಕೆ ಬಂದು ಕೂತ. ಅವನ ದನಿಯಲ್ಲಿ ಹುಟ್ಟಿದಾಗಿನಿಂದ ಇರದ ಭಯಭಕ್ತಿ ಇತ್ತು.

"ಅಣ್ಣಾ, ಖರೇ ಹೇಳು. ಎಲ್ಲಾರನ್ನೂ ಕತ್ತರಿಸಿ ಆ ಕೈ ಅಷ್ಟ ಬಿಡಬೇಕಂತ ನಿನಗ ಹ್ಯಾಂಗ ಹೊಳೀತು?"

ತುಳಜಾರಾಮ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದ.

"ನಾ ಕೈ ನೋಡೇ ಇಲ್ಲೋ. ಅವ್ವನ ಮುಖಾನೇ ನೋಡಕೋತ ಕುಂತಿದ್ದೆ."