ರೇವಾಬಾ ನೋಡಿ ಒಪ್ಪಿದ ಬಾಣಲೆ

ಆರ್ನಲ್ಡ್ ಹೋಲ್‌ರಾಯ್ಡ್ ಮಾರ್ಚ್ ಹನ್ನೊಂದರ ಮಂಗಳವಾರ ಬೆಳಗಿನ ಜಾವ ತೀರಿಕೊಂಡ. ಎಂಬತ್ತೇಳು ವರ್ಷವಾಗಿತ್ತು. ಹೃದಯ ಸೋತಿತ್ತು. ಬ್ರ್ಯಾಡ್‌ಫರ್ಡಿನ ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು: ಥಾರ್ನ್ ಲೇನಿನಲ್ಲಿ ತಂದೆಯ ಕಾಲದಿಂದ ಮೀನು ಮತ್ತು ಚಿಪ್ಸಿನ ಅಂಗಡಿ ನಡೆಸಿದವರು, ಅವಿವಾಹಿತರು, ಸಂಸ್ಕಾರಕ್ಕೆ ಹೂವು ತರುವುದು ಬೇಡ. ಪಕ್ಕದ ಅಂಗಡಿಯಲ್ಲಿ ಮೂವತ್ತು ವರ್ಷ ಬಟ್ಟೆ ಹೊಲಿದ ಕನುಭಾಯ್ ಆ ನಾಲ್ಕು ಸಾಲನ್ನು ಭೂತಗನ್ನಡಿ ಹಿಡಿದು ಎರಡು ಸಲ ಓದಿದ.

ಸಂಸ್ಕಾರಕ್ಕೆ ಬಂದವರು ಹದಿಮೂರು ಜನ. ಅವರಲ್ಲಿ ಇಂಗ್ಲಿಷರು ನಾಲ್ವರು. ಮುಗಿದ ಮೇಲೆ, ಅಂಗಡಿಯ ಹಳೆಯ ಗಿರಾಕಿ ಸೆಲ್ವಿನ್ ಬೂತ್‌ನ ಮಗಳು, ತಾನೂ ಎಪ್ಪತ್ತು ದಾಟಿದವಳು, ಕನುಭಾಯಿಯ ಕೈ ಹಿಡಿದುಕೊಂಡು ಹೇಳಿದಳು: "ಒಳ್ಳೇ ಮನುಷ್ಯ. ನಮ್ಮಪ್ಪ ಮಾತ್ರ ಸಾಯೋ ತನಕ ಅವನನ್ನ ಕ್ಷಮಿಸ್ಲಿಲ್ಲ ನೋಡಿ. ಕಾಸಿನಾಸೆಗೆ ನಮ್ಮ ಜನಾನ ಬಿಟ್ಟುಕೊಟ್ಟ ಅಂತಿದ್ರು."

ಅಲ್ಲಮ್ಮ, ವಿಷಯ ಹಾಗಲ್ಲ ಎನ್ನಬಹುದಿತ್ತು. ಕನುಭಾಯ್ ಎನ್ನಲಿಲ್ಲ. ನಲವತ್ತಾರು ವರ್ಷಗಳಿಂದ ಅವನಿಗೆ ಅದೇ ರೂಢಿ.

ಕನುಭಾಯಿಯ ಕುಟುಂಬ ಆಫ್ರಿಕಾದ ಕಂಪಾಲಾದಿಂದ, ಅಲ್ಲಿದ್ದ ಭಾರತೀಯರೆಲ್ಲರ ಜೊತೆ ಹೊರದಬ್ಬಿಸಿಕೊಂಡು ಬಂದದ್ದು ಎಪ್ಪತ್ತೆರಡರ ನವೆಂಬರಿನಲ್ಲಿ. ಹೆಂಡತಿ, ಇಬ್ಬರು ಮಕ್ಕಳು, ತಾಯಿ ರೇವಾಬಾ, ಮೂರು ಪೆಟ್ಟಿಗೆ. ಹೊಲಿಗೆ ಯಂತ್ರಗಳೆಲ್ಲ ಅಲ್ಲೇ ಉಳಿದವು. ಥಾರ್ನ್ ಲೇನಿನಲ್ಲಿ ಆರ್ನಲ್ಡನ ಗೋಡೆಗೆ ಅಂಟಿಕೊಂಡ ಅಂಗಡಿ ಖಾಲಿಯಿತ್ತು. ಬಾಡಿಗೆ ಕಡಿಮೆ, ಏಕೆಂದರೆ ಕರಿದ ಮೀನಿನ ವಾಸನೆ ಗೋಡೆಯೊಳಗಿಂದಲೇ ಬರುತ್ತಿತ್ತು. ಕನುಭಾಯ್ ಹೊಲಿದ ಕೋಟುಗಳು ಆ ವಾಸನೆಯನ್ನು ಹೊತ್ತುಕೊಂಡೇ ಮದುವೆಗಳಿಗೆ ಹೋದವು.

"ನನ್ನ ಗಿರಾಕಿಗಳ ಹಿಂದೆ ಬೆಕ್ಕು ಹೋಗ್ತವೆ ಆರ್ನಲ್ಡ್," ಎಂದು ಕನುಭಾಯ್ ಗೊಣಗಿದರೆ, "ಹೋಗ್ಲಿ ಬಿಡು ಕೆನ್, ಮದುವೆಗೆ ಅಷ್ಟಾದ್ರೂ ಜನ ಸೇರ್ತಾರೆ," ಎಂದು ಅವನು ನಗುತ್ತಿದ್ದ. ಕನು ಎಂಬ ಹೆಸರು ಮೊದಲ ದಿನವೇ ಕೆನ್ ಆಗಿತ್ತು.

ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿ ಮೊದಲ ಚಳಿಗಾಲವಿಡೀ ಒಲೆಯಿರಲಿಲ್ಲ. ಮಕ್ಕಳು ಬ್ರೆಡ್ಡು ತಿಂದುಕೊಂಡಿದ್ದರು. ಅರವತ್ತೆರಡರ ವಿಧವೆ ರೇವಾಬಾ ಹಾಲು, ಬಾಳೆಹಣ್ಣು ಬಿಟ್ಟು ಏನನ್ನೂ ಮುಟ್ಟುತ್ತಿರಲಿಲ್ಲ. ದಿನದಿನಕ್ಕೂ ಒಣಗುತ್ತಿದ್ದಳು. ಇದನ್ನು ಕೇಳಿದ ಆರ್ನಲ್ಡ್ ಒಂದು ಸಂಜೆ ಬಿಸಿಬಿಸಿ ಚಿಪ್ಸನ್ನು ಕಾಗದದಲ್ಲಿ ಕಟ್ಟಿಕೊಂಡು ಮೆಟ್ಟಿಲು ಹತ್ತಿದ. ರೇವಾಬಾ ಮುಟ್ಟಲಿಲ್ಲ. ಮೀನು ಕರಿಯುವವನ ಕೈಯ ಆಲೂಗಡ್ಡೆ ಅದು.

"ಯಾಕಂತೆ?"

"ಮೀನಿನ ಬಾಣಲೆ ಅಂತ."

"ಮೀನಿಗೆ ಬೇರೆ, ಇದಕ್ಕೆ ಬೇರೆ. ಬಂದು ನೋಡ್ಲಿ ಅವ್ರು."

ಮರುದಿನ ರೇವಾಬಾ ಬಿಳಿಯ ಸೀರೆಯ ಮೇಲೆ ಮಗನ ಕೋಟು ಹಾಕಿಕೊಂಡು ಇಳಿದು ಬಂದಳು. ಕೌಂಟರಿನ ಈಚೆ ಅರ್ಧ ಗಂಟೆ ನಿಂತು ನೋಡಿದಳು. ಮೀನು ಎರಡು ಬಾಣಲೆಗಳಲ್ಲಿ ಬೀಳುತ್ತಿತ್ತು. ಮೂರನೆಯದರಲ್ಲಿ ಬರಿಯ ಆಲೂಗಡ್ಡೆ. ಆರ್ನಲ್ಡ್ ಆ ಮೂರನೆಯದಕ್ಕೆ ಒಂದು ಬೇರೆ ಜಾಲರಿಯನ್ನೂ ತೆಗೆದಿಟ್ಟು, ಅದರ ಹಿಡಿಗೆ ಬಿಳಿಯ ದಾರ ಸುತ್ತಿದ. ಎದೆಯ ಮೇಲೆ ಕೈಯಿಟ್ಟು, ಇದಕ್ಕೆ ಮೀನು ಸೋಕುವುದಿಲ್ಲ ಎಂದ. ಕನುಭಾಯ್ ಅದನ್ನು ಗುಜರಾತಿಯಲ್ಲಿ ಹೇಳಿದ.

ರೇವಾಬಾ ಇನ್ನೊಂದು ಪ್ರಶ್ನೆ ಕೇಳಿದಳು. "ಎಣ್ಣೆ ಯಾವುದು, ಕೇಳು."

ಹಿಂದೆ ಏಳೆಂಟು ಜನ ಸಾಲಿನಲ್ಲಿ ನಿಂತಿದ್ದರು. ಸೆಲ್ವಿನ್ ಬೂತ್ ಗಡಿಯಾರ ನೋಡುತ್ತಿದ್ದ. ಕನುಭಾಯಿಗೆ ನಾಚಿಕೆಯಾಗಿತ್ತು. ಕೇಳದೆಯೇ ಉತ್ತರ ಕೊಟ್ಟ: "ಕಡಲೆಕಾಯಿ ಎಣ್ಣೆ ಕಣಮ್ಮ, ಇನ್ಯಾವುದಿರುತ್ತೆ? ನಡಿ ಈಗ."

ಆ ದೇಶದಲ್ಲಿ ಅವಳು ತಿಂದ ಮೊದಲ ಬಿಸಿ ಊಟವೆಂದರೆ ಅದೇ. ಅಂದಿನಿಂದ ಪ್ರತಿ ಶುಕ್ರವಾರ ರೇವಾಬಾಗೆ ಆರ್ನಲ್ಡನ ಚಿಪ್ಸು. ವಿನೆಗರ್ ಬೇಡ, ಮೇಲೆ ಅಚ್ಚಖಾರದ ಪುಡಿ. ಅವನೇ ತಂದುಕೊಡಬೇಕು, ಬೇರೆ ಯಾರು ತಂದರೂ ಆಗದು. ಅವಳಿಗೆ ಇಂಗ್ಲಿಷ್ ಬಾರದು, ಅವನಿಗೆ ಗುಜರಾತಿ ಬಾರದು. ಆದರೂ ಶುಕ್ರವಾರ ಮಧ್ಯಾಹ್ನ ಅಂಗಡಿಗೆ ಬಿಡುವಾದಾಗ ಇಬ್ಬರೂ ಮೇಲೆ ಕೂತು ಮುಕ್ಕಾಲು ಗಂಟೆ ಹರಟುತ್ತಿದ್ದರು. ಏನು ಮಾತಾಡುತ್ತಿದ್ದರೋ ಕನುಭಾಯಿಗೆ ಎಂದೂ ತಿಳಿಯಲಿಲ್ಲ. ಹೊರಡುವಾಗ ಅವನು ಬಗ್ಗುತ್ತಿದ್ದ, ಅವಳು ಅವನ ಬೋಳುತಲೆಯ ಮೇಲೆ ಕೈಯಿಡುತ್ತಿದ್ದಳು. "ಇವನು ನನ್ನ ಚಿಕ್ಕ ಮಗ. ಹೋದ ಜನ್ಮದಲ್ಲಿ ಏನೋ ತಪ್ಪು ಮಾಡಿ ಬೆಳ್ಳಗೆ ಹುಟ್ಟಿದ್ದಾನೆ," ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಅವಳು ಹಾಕಿದ ನಿಂಬೆ ಉಪ್ಪಿನಕಾಯಿಯ ಭರಣಿ ಆರ್ನಲ್ಡನ ಕೌಂಟರಿಗೆ ಬಂತು. ಸೆಲ್ವಿನ್ ಬೂತ್ ಒಂದು ಹೋಳು ಬಾಯಿಗಿಟ್ಟು, ಕಣ್ಣೀರು ಒರೆಸಿಕೊಂಡು, "ಇದನ್ನ ತಿಂದು ಬದುಕಿರೋರನ್ನ ನಿಮ್ಮ ದೇಶದಿಂದ ಓಡಿಸಿದ್ರಾ? ಅವರಿಗೆಷ್ಟು ಧೈರ್ಯ," ಎಂದಿದ್ದ. ಅದು ಅವನ ಮೆಚ್ಚುಗೆ.

ಎಪ್ಪತ್ತೊಂಬತ್ತರ ಬೇಸಿಗೆಯ ಒಂದು ಬೆಳಿಗ್ಗೆ ಆರ್ನಲ್ಡನ ಬಲಗೈ ಸುಟ್ಟಿತು. ಕಟ್ಟು ಕಟ್ಟಿಸಿಕೊಂಡು ಬಂದು ಗೋಡೆ ತಟ್ಟಿದ. "ಕೆನ್, ಹಿಂದಿನ ಕೋಣೆಯಿಂದ ಒಂದೆರಡು ಗಟ್ಟಿ ತಂದು ಬಾಣಲೆಗೆ ಹಾಕ್ತೀಯಾ? ಒಂದು ಕೈಲಿ ಎತ್ತಕ್ಕಾಗ್ತಿಲ್ಲ."

ಆರು ವರ್ಷಗಳಲ್ಲಿ ಕನುಭಾಯ್ ಆ ಕೋಣೆಗೆ ಕಾಲಿಟ್ಟಿರಲಿಲ್ಲ. ಸ್ನೇಹವೆಲ್ಲ ಕೌಂಟರಿನ ಆಚೀಚೆಯೇ ನಡೆದಿತ್ತು. ಕಪಾಟಿನಲ್ಲಿ ಇಟ್ಟಿಗೆಯಂಥ ಗಟ್ಟಿಗಳು, ಒಂದರ ಮೇಲೊಂದು. ಸುತ್ತಿದ ಕಾಗದದ ಮೇಲೆ ಕೋಡಿರುವ ದನದ ತಲೆಯ ಚಿತ್ರ.

"ಏನಿದು?"

"ಕೊಬ್ಬು."

"ಯಾವುದರ ಕೊಬ್ಬು?"

"ದನದ್ದು ಮಾರಾಯ. ನಮ್ಮ ಯಾರ್ಕ್‌ಶೈರಿನಲ್ಲಿ ಚಿಪ್ಸನ್ನ ಇನ್ಯಾವುದರಲ್ಲಿ ಕರೀತಾರೆ? ಅಪ್ಪನ ಕಾಲದಿಂದ..." ಎನ್ನುತ್ತ ಆರ್ನಲ್ಡ್ ಸ್ನೇಹಿತನ ಮುಖ ನೋಡಿದ. ಅಲ್ಲಿಗೇ ನಿಲ್ಲಿಸಿದ.

ಅವನ ಲೆಕ್ಕದಲ್ಲಿ ಮಾಂಸವೆಂದರೆ ತಟ್ಟೆಗೆ ಬಡಿಸುವುದು. ಕರಿಯುವ ಕೊಬ್ಬು ಬರಿಯ ಕೊಬ್ಬು, ಉಪ್ಪಿನ ಹಾಗೆ, ನೀರಿನ ಹಾಗೆ. ಕನುಭಾಯಿಯ ಮನೆಯವರ ಲೆಕ್ಕದಲ್ಲಿ ಕರಿಯುವುದೆಂದರೆ ಎಣ್ಣೆ. ಆರು ವರ್ಷ, ಪ್ರತಿ ಶುಕ್ರವಾರ. ಆರ್ನಲ್ಡ್ ಅಲ್ಲಿದ್ದ ಪೆಟ್ಟಿಗೆಯ ಮೇಲೆ ಕೂತ.

"ನನ್ನನ್ನ ನಂಬಿದ್ರು," ಎಂದ. "ಇಲ್ಲಿ ನಿಂತು ನೋಡಿದ್ರು, ನಾನು ಎದೆ ಮುಟ್ಟಿ ಹೇಳ್ದೆ. ಅವರು ಎಣ್ಣೆ ಯಾವುದು ಅಂತ ಒಂದು ಮಾತು ಕೇಳಿದ್ರೆ ಹೇಳಿಬಿಡ್ತಿದ್ನಲ್ಲ ಕೆನ್."

ಕನುಭಾಯ್ ಕಪಾಟಿನ ಬಾಗಿಲು ಮುಚ್ಚಿದ.

ಆರ್ನಲ್ಡ್ ಎದ್ದು ಮೆಟ್ಟಿಲ ಕಡೆಗೆ ಹೊರಟ. ಈಗಲೇ ಹೇಳಿ ಕಾಲು ಹಿಡಿಯುತ್ತೇನೆ ಎಂದ. ಕನುಭಾಯ್ ಬಾಗಿಲಿಗೆ ಅಡ್ಡ ನಿಂತ.

"ಹೇಳಿದ್ರೆ ಅನ್ನ ನೀರು ಬಿಡ್ತಾಳೆ ಆರ್ನಲ್ಡ್. ಉಪವಾಸ ಕೂತ್ಕೊಂಡು ಪ್ರಾಣ ಬಿಡ್ತಾಳೆ. ನನ್ನ ತಾಯಿ ನನಗೆ ಗೊತ್ತು. ಮಾತು ಕೊಡು."

"ಸುಳ್ಳು ಹೇಳು ಅಂತೀಯಾ?"

"ಸುಳ್ಳು ಬೇಡ. ಸುಮ್ನಿರು ಸಾಕು."

ಸುಟ್ಟಿರದ ಎಡಗೈ ಚಾಚಿ ಆರ್ನಲ್ಡ್ ಮಾತು ಕೊಟ್ಟ. ತಾಯಿಯ ಜೀವಕ್ಕಾಗಿ ಹೀಗೆ ಮಾಡಿದೆ ಎಂದು ಕನುಭಾಯ್ ಬಹಳ ವರ್ಷ ತನಗೆ ತಾನೇ ಹೇಳಿಕೊಂಡ. 'ನಾನು ಕೇಳಿದ್ದೆನಲ್ಲೋ' ಎಂದು ಅವಳು ತನ್ನ ಮುಖ ನೋಡುವ ಗಳಿಗೆಗೆ ಹೆದರಿದ್ದೂ ಅದರಲ್ಲಿ ಅರ್ಧ ಸೇರಿತ್ತು.

ಆರ್ನಲ್ಡ್ ಎರಡು ದಿನ ಅಂಗಡಿ ಮುಚ್ಚಿದ. ಮೂರು ಬಾಣಲೆಗಳನ್ನೂ ಸೋಡಾ ಹಾಕಿ ಒಂದೇ ಕೈಯಲ್ಲಿ ಉಜ್ಜಿದ. ಮೂರನೆಯ ದಿನ ಕಡಲೆಕಾಯಿ ಎಣ್ಣೆಯ ಡಬ್ಬಗಳು ಬಂದವು.

ಮೊದಲ ತುತ್ತಿಗೇ ಸೆಲ್ವಿನ್ ಬೂತ್‌ಗೆ ಗೊತ್ತಾಯಿತು. ಕಾಗದವನ್ನು ಕೌಂಟರಿನ ಮೇಲಿಟ್ಟ. "ಏನಿದು?"

"ಎಣ್ಣೆಗೆ ಬದಲಾಯಿಸ್ದೆ."

"ಯಾಕೆ?"

"ಅಗ್ಗ."

"ಸುಳ್ಳು ಬೊಗಳ್ಬೇಡ. ಯಾರಿಗೋಸ್ಕರ ಅಂತ ಗೊತ್ತು ನಂಗೆ. ನಿಮ್ಮಪ್ಪ ಇದ್ದಿದ್ರೆ ನಿನ್ನನ್ನೇ ಈ ಬಾಣಲೆಗೆ ಹಾಕಿ ಕರೀತಿದ್ದ."

"ಕರೀತಿದ್ದ," ಎಂದು ಆರ್ನಲ್ಡ್ ಒಪ್ಪಿಕೊಂಡ. ನಿಜವಾದ ಕಾರಣ ಹೇಳಿದರೆ ಸಂಜೆಯೊಳಗೆ ಬೀದಿಯೆಲ್ಲ ಹರಡಿ ರೇವಾಬಾಳ ಮೆಟ್ಟಿಲು ಹತ್ತುತ್ತಿತ್ತು.

ಸೆಲ್ವಿನ್ ಮತ್ತೆ ಬರಲಿಲ್ಲ. ಅವನ ಹಿಂದೆ ಉಳಿದವರೂ ಹೋದರು. ಪಬ್ಬಿನ ಡಾರ್ಟ್ಸ್ ತಂಡದಲ್ಲಿ ಇಪ್ಪತ್ತು ವರ್ಷ ಆಡಿದ್ದ ಆರ್ನಲ್ಡನ ಜಾಗಕ್ಕೆ ಬೇರೊಬ್ಬ ಬಂದ. ಯಾರೂ ಜಗಳವಾಡಲಿಲ್ಲ. ಅವನು ಒಳಗೆ ಬಂದಾಗ ಎಲ್ಲರೂ ತಮ್ಮ ಗ್ಲಾಸು ನೋಡಿಕೊಳ್ಳುತ್ತಿದ್ದರು, ಅಷ್ಟೇ. ಆದರೆ ಅಂಗಡಿ ಮುಚ್ಚಲಿಲ್ಲ. ಆರ್ನಲ್ಡನ ಬಳಿ ಎಣ್ಣೆಯಲ್ಲಿ ಕರಿಯುತ್ತಾರಂತೆ ಎಂಬ ಸುದ್ದಿ ಬೀದಿಯ ಇನ್ನೊಂದು ಅರ್ಧಕ್ಕೆ ಮುಟ್ಟಿತು. ಅಲ್ಲಿಯವರೆಗೆ ಹೊಸ್ತಿಲು ತುಳಿಯದಿದ್ದ ಮೀರ್‌ಪುರದ ಮುಸ್ಲಿಂ ಕುಟುಂಬಗಳು ಮಕ್ಕಳನ್ನು ಕರೆದುಕೊಂಡು ಬಂದವು. ಹಂದಿಮಾಂಸದ ಅಂಗಡಿ ಹೋಗಿ ಹಲಾಲ್ ಅಂಗಡಿ ಬಂತು, ಉಣ್ಣೆಯ ಅಂಗಡಿ ಹೋಗಿ ಸೀರೆಯ ಅಂಗಡಿ. ಆ ಪಬ್ಬೂ ಕೊನೆಗೆ ಹಾಸುಗಂಬಳಿಯ ಗೋದಾಮಾಯಿತು. ಗಾಳಿ ಬಂದಾಗ ತೂರಿಕೊಂಡ ಜಾಣ ಎಂದು ಕೆಲವರು ಆರ್ನಲ್ಡನನ್ನು ಬಯ್ದರು, ಕೆಲವರು ಹೊಗಳಿದರು.

ಕೊಬ್ಬು ಹೋಗಿ ಎಣ್ಣೆ ಬಂದ ಮೊದಲ ಶುಕ್ರವಾರ ಚಿಪ್ಸನ್ನು ಮೇಲೆ ಒಯ್ದವನು ಕನುಭಾಯ್. ರೇವಾಬಾ ನಾಲ್ಕು ತಿಂದು ಕಾಗದ ಸರಿಸಿದಳು.

"ಈ ಸಲದ ಆಲೂಗಡ್ಡೆ ಸರಿಯಿಲ್ಲ ಕಣೋ. ಮೊದಲಿನ ರುಚಿ ಇಲ್ಲ."

ಕೆಳಗೆ ಆರ್ನಲ್ಡ್ ಕಾದಿದ್ದ. "ಏನಂದ್ರು?"

"ಚೆನ್ನಾಗಿದೆ ಅಂದ್ಲು."

ಆರ್ನಲ್ಡ್ ಮತ್ತೆಂದೂ ಮೆಟ್ಟಿಲು ಹತ್ತಲಿಲ್ಲ. ಕರೆದರೆ ಏನಾದರೊಂದು ನೆಪ. "ನನ್ನ ತಲೆ ಮೇಲೆ ಕೈಯಿಡ್ತಾರೆ ಕೆನ್. ಆಗ ಬಾಯಿ ಬಿಟ್ಟುಬಿಡ್ತೀನಿ ನಾನು," ಎಂದು ಒಂದೇ ಒಂದು ಸಲ ಹೇಳಿದ. ರೇವಾಬಾ ಕಿಟಕಿಯಲ್ಲಿ ಕೂತು ಅಂಚು ಹೊಲಿಯುತ್ತ ಅವನು ಅಂಗಡಿ ತೆರೆಯುವುದನ್ನೂ ಮುಚ್ಚುವುದನ್ನೂ ನೋಡುತ್ತಿದ್ದಳು. ಅವನು ಯಾಕೆ ಬರುವುದಿಲ್ಲವೆಂದು ಒಂದೆರಡು ವರ್ಷ ಕೇಳಿದಳು. ಆಮೇಲೆ ಕೇಳುವುದನ್ನು ಬಿಟ್ಟಳು.

"ಸಾಲು ಬಾಗಿಲಾಚೆಗೂ ನಿಲ್ಲುತ್ತಲ್ಲ, ಅದಕ್ಕೆ. ನಾಲ್ಕು ಕಾಸಾದ್ರೆ ಕಣ್ಣು ನೆತ್ತಿಗೇರುತ್ತೆ. ಕಪ್ಪಗಿರಲಿ, ಬೆಳ್ಳಗಿರಲಿ, ಎಲ್ಲ ಗಂಡುಮಕ್ಕಳೂ ಅಷ್ಟೇ," ಎಂದಳು ಒಂದು ದಿನ ಕನುಭಾಯಿಗೆ. ಅವನು ಕೋಟಿನ ಗುಂಡಿ ಹಾಕುತ್ತಿದ್ದ. ದಾರ ಕತ್ತರಿಸಿ ಇನ್ನೊಂದು ಗುಂಡಿ ಎತ್ತಿಕೊಂಡ.

ತೊಂಬತ್ತೊಂದರ ಜನವರಿಯಲ್ಲಿ ರೇವಾಬಾ ಹೋದಳು. ಅದೇ ತಿಳಿವಳಿಕೆಯಲ್ಲಿ ಹೋದಳು. ಊರ ಹೊರಗೆ ಏರ್ ನದಿ ತಿರುಗುವಲ್ಲಿ ಬೂದಿ ಬಿಟ್ಟರು. ಆರ್ನಲ್ಡ್ ಬಂದಿದ್ದ. ಜನರ ಹಿಂದೆ, ಬೇಲಿಯ ಹತ್ತಿರ ನಿಂತಿದ್ದವನು ನೀರಿನ ಬಳಿಗೆ ಬರಲಿಲ್ಲ.

ಅವನು ಅಂಗಡಿಯನ್ನು ಒಬ್ಬ ಕುರ್ದಿಶ್ ವಲಸಿಗನಿಗೆ ಮಾರಿ ಇಪ್ಪತ್ತೆರಡು ವರ್ಷವಾಯಿತು. ಬಾಣಲೆಗಳು ಗುಜರಿಗೆ ಹೋದವು, ಅಲ್ಲಿ ಈಗ ಕೆಂಡದ ಮೇಲೆ ಕೋಳಿ ಸುಡುತ್ತಾರೆ. ಕನುಭಾಯ್ ಅಂಗಡಿಯಿಟ್ಟಿದ್ದಲ್ಲಿ ಸ್ಲೊವಾಕಿಯಾದ ಹೆಂಗಸೊಬ್ಬಳು ಬ್ರೆಡ್ಡು ಮಾರುತ್ತಾಳೆ, ಎದುರಿಗೆ ಒಂದು ಬೆಂಚು ಹಾಕಿದ್ದಾಳೆ. ಇಬ್ಬರು ಮುದುಕರೂ ದಿನಾ ಅಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಎಲ್ಲ ಮಾತೂ ಬರುತ್ತಿತ್ತು, ಅದೊಂದನ್ನು ಬಿಟ್ಟು.

ಈ ಫೆಬ್ರವರಿಯಲ್ಲಿ ವೈದ್ಯರು ಕೈಚೆಲ್ಲಿದರು. ಮಾರ್ಚ್ ಒಂಬತ್ತರ ಭಾನುವಾರ ಬೆಳಿಗ್ಗೆ ಆರ್ನಲ್ಡ್ ಫೋನು ಮಾಡಿದ.

"ಕೆನ್, ಅವತ್ತು ಕೊಟ್ಟ ಮಾತಿನಿಂದ ನನ್ನ ಬಿಡಿಸು."

"ಈಗ ಯಾರಿಗೆ ಹೇಳ್ತೀಯ ಮಾರಾಯ?"

"ಅವರಿಗೇ. ಕಾರು ತಗೊಂಡು ಬಾ."

ದಾರಿಯುದ್ದಕ್ಕೂ ಆರ್ನಲ್ಡ್ ಉಸಿರು ಎಳೆದುಕೊಳ್ಳುತ್ತಲೇ ಇದ್ದ. ನದಿಯ ತಿರುವಿನಲ್ಲಿ ಕಾರು ನಿಲ್ಲಿಸಿದ ಮೇಲೆ ಕನುಭಾಯ್ ಸ್ಟಿಯರಿಂಗ್ ಬಿಡದೆ ಹೇಳಿದ: "ಅವಳು ಕೇಳಿದ್ದಳು ಆರ್ನಲ್ಡ್. ಆ ಮೊದಲ ದಿನ. ಎಣ್ಣೆ ಯಾವುದು ಅಂತ ಕೇಳು ಅಂದ್ಲು. ನಾನು ನಿನ್ನನ್ನ ಕೇಳ್ಲಿಲ್ಲ. ನಾನೇ ಏನೋ ಹೇಳಿ ಕರ್ಕೊಂಡು ಹೋದೆ."

ಆರ್ನಲ್ಡ್ ಕೋಲನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡ.

"ಇಷ್ಟು ವರ್ಷ," ಎಂದ.

"ಹ್ಞೂಂ."

"ಅದನ್ನ ಅವರಿಗೆ ನೀನೇ ಹೇಳ್ಕೊ. ನನ್ನದು ನಾನು ಹೇಳ್ತೀನಿ," ಎಂದು ಬಾಗಿಲು ತೆರೆದ. ಕೈ ಕೊಡಲು ಹೋದ ಕನುಭಾಯಿಯನ್ನು ತಡೆದ. "ಕೂತಿರು."

ಕನುಭಾಯ್ ಕೂತ. ಇಳಿದು ಹಿಂದೆ ಹೋಗಬಹುದಿತ್ತು. ಹೋಗಲಿಲ್ಲ. ಆರ್ನಲ್ಡ್ ಬೇಲಿ ಹಿಡಿದು, ಆಮೇಲೆ ಕೋಲೂರಿ, ಕೆಸರಿನಲ್ಲಿ ಒಂದೊಂದೇ ಹೆಜ್ಜೆ ಇಟ್ಟುಕೊಂಡು ನೀರಿನಂಚಿಗೆ ಹೋದ. ಟೊಪ್ಪಿಗೆ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡ. ಗಾಳಿ ಜೋರಾಗಿತ್ತು, ಕಾರಿನೊಳಗೆ ಏನೂ ಕೇಳಿಸುತ್ತಿರಲಿಲ್ಲ. ಅವನ ದವಡೆ ಅಲ್ಲಾಡುವುದು ಮಾತ್ರ ಕಾಣುತ್ತಿತ್ತು. ನಡುವೆ ಒಮ್ಮೆ ಕೈಯೆತ್ತಿ ಎದೆ ಮುಟ್ಟಿಕೊಂಡ. ಒಮ್ಮೆ ನಿಲ್ಲಿಸಿ ಉಸಿರು ತೆಗೆದುಕೊಂಡು ಮತ್ತೆ ಶುರು ಮಾಡಿದ. ಮುಗಿದ ಮೇಲೆ, ಅತ್ತಲಿಂದ ಒಂದು ಕೈ ಬರಬಹುದೆಂಬಂತೆ, ತಲೆ ಬಗ್ಗಿಸಿಕೊಂಡು ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದ.