ಸಲೂನಿನವನ ಒಂದು ಗಂಟೆಯ ಮೌನ

ನನ್ನ ಬೀಗದ ಅಂಗಡಿಗೂ ಪಕ್ಕದ ಸಲೂನಿಗೂ ಒಂದೇ ಗೋಡೆ. ಹಾಗಾಗಿ ಸಲೂನಿನವನ ಮಾತು ಹದಿನಾರು ವರ್ಷದಿಂದ ನನಗೆ ಬಿಟ್ಟಿ. ಅವನ ಬಾಯಿಗೆ ಹಾಕುವಂಥ ಬೀಗ ಮಾತ್ರ ನನ್ನಲ್ಲೂ ಇಲ್ಲ. ಗಿರಾಕಿಯ ತಲೆ ಅವನ ಕೈಯಲ್ಲಿ, ಕತ್ತರಿ ಕಿವಿಯ ಹತ್ತಿರ. ಕೇಳದೆ ಎಲ್ಲಿಗೆ ಹೋಗುತ್ತಾನೆ?

ಎದ್ದು ಹೋಗುವ ಧೈರ್ಯ ಇದ್ದದ್ದು ಅವನ ಅತ್ತೆಗೆ ಮಾತ್ರ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಕಿವಿ ಸವೆಸಿಕೊಂಡವರು. ಈಗ ಕೊರಳಿಗೆ ದುರ್ಬೀನು ಹಾಕಿಕೊಂಡು ಕಡಲಹಕ್ಕಿ ನೋಡುವುದೊಂದೇ ಹುಚ್ಚು. ಮಗಳು, ಅಂದರೆ ಸಲೂನಿನವನ ಹೆಂಡತಿ, ಎಂಟು ತಿಂಗಳ ಬಸುರಿ. ಹೆರಿಗೆಯವರೆಗೆ ಅಮ್ಮ ಜೊತೆಗಿರಲಿ ಅಂತ ಅವಳಾಸೆ. ಅತ್ತೆಯೋ ಮೂರನೇ ದಿನಕ್ಕೇ ಪೆಟ್ಟಿಗೆ ಕಟ್ಟಿ, ತುಟಿಪಿಟಕ್ಕೆನ್ನದ ದೊಡ್ಡಳಿಯನ ಮನೆಗೆ ಹೊರಟರು. ಮಗಳು ಅತ್ತ ಮೇಲೆ ಒಪ್ಪಂದವಾಯಿತು: ಮರುದಿನ ಬೆಳಿಗ್ಗೆ ಕಡಲತೀರದಲ್ಲಿ ಅತ್ತೆಯ ಜೊತೆ ಒಂದು ಗಂಟೆ ಸುತ್ತಾಟ, ಅಳಿಯ ಚಕಾರ ಎತ್ತಬಾರದು. ಎತ್ತಿದರೆ ಹತ್ತೂವರೆಯ ಬಸ್ಸು. ಸಾಕ್ಷಿಗೆ ನಾನು.

ತೀರದಲ್ಲಿ ನರಪಿಳ್ಳೆಯಿಲ್ಲ. ಒದ್ದೆ ಮರಳಿನ ಮೇಲೆ ರೀವ ಅನ್ನುವ ಕಡಲಹಕ್ಕಿಗಳು ಗಾಳಿಗೆ ಮುಖ ಕೊಟ್ಟು ಸಾಲಾಗಿ ನಿಂತಿದ್ದವು, ಒಂದೊಂದರ ನೆತ್ತಿಯಲ್ಲೂ ಕೆದರಿದ ಕರಿ ಜುಟ್ಟು. ಜುಟ್ಟು ಕಂಡದ್ದೇ ಸಲೂನಿನವನ ಬೆರಳುಗಳು ಗಾಳಿಯಲ್ಲೇ ಕತ್ತರಿಯಾಡಿಸಿದವು. ಬಾಯಿ ಬಿಗಿ.

ಐವತ್ತು ನಿಮಿಷ ಕಳೆಯಿತು. ಅತ್ತೆ ಚೀಲ ಕೆಳಗಿಟ್ಟು ದುರ್ಬೀನಿಗೆ ಕಣ್ಣು ಹಚ್ಚಿದರು. ಹಿಂದಿನಿಂದ ಒಂದು ದಪ್ಪ ಕಡಲಕಾಗೆ, ಬೆಲೆ ಕೇಳಲು ಬಂದು ಮಾಲು ಎತ್ತುವ ಗಿರಾಕಿಯ ಹಾಗೆ ಬೇರೆಲ್ಲೋ ನೋಡುತ್ತ ಬಂದು ಚೀಲಕ್ಕೆ ಕೊಕ್ಕು ಹಾಕಿತು. ಓಡಿದರೆ ರೀವಗಳು ಹಾರುತ್ತವೆ, ಕೂಗಿದರೆ ಬಸ್ಸು ಹೊರಡುತ್ತದೆ. ಅವನು ನಿಂತಲ್ಲೇ ಕುಣಿದ, ನನ್ನ ತೋಳು ಜಗ್ಗಿದ. ಸಾಕ್ಷಿಯ ಕೆಲಸ ನೋಡುವುದಷ್ಟೇ, ನಾನು ನೋಡಿದೆ. ಅತ್ತೆಯ ಬ್ರೆಡ್ಡು ಪೊಟ್ಟಣ ಸಮೇತ ಸಮುದ್ರದ ಕಡೆ ಹಾರಿತು.

ಅತ್ತೆ ತಿರುಗಿದರು. “ನೋಡ್ತಾ ನಿಂತಿದ್ದೀಯಲ್ಲೋ, ಬಾಯಿಲ್ವಾ ನಿಂಗೆ?”

ಅವನು ಹತ್ತು ಬೆರಳು ತೋರಿಸಿದ: ಇನ್ನೂ ಹತ್ತು ನಿಮಿಷ.

“ಮನೆಗೆ ಬೆಂಕಿ ಬಿದ್ರೂ ದೊಡ್ಡಳಿಯ ಹೀಗೇ ನಿಲ್ತಾನೆ. ಅಂಥವನು ಒಬ್ಬ ಸಾಕಪ್ಪ. ನನ್ನ ಮಗಳಿಗೆ ನೋವು ಬಂದಾಗ ಬೀದಿಗೆಲ್ಲ ಕೇಳೋ ಹಾಗೆ ಕೂಗೋನು ಬೇಕು. ಮಾತಾಡು.”

ಇದೂ ಪರೀಕ್ಷೆಯೇ ಇರಬಹುದು ಅಂತ ಅವನು ನನ್ನ ಮುಖ ನೋಡಿದ. ನಾನು ನಿಧಾನವಾಗಿ ಗಡಿಯಾರ ನೋಡಿ, ಇನ್ನೂ ಎಂಟು ನಿಮಿಷ ಬಾಕಿಯಿದೆ ಅಂದೆ. ಪಾಪ, ಅತ್ತೆಯನ್ನು ಬಿಟ್ಟು ನನ್ನನ್ನು ನಂಬಿದ. ಎಂಟು ನಿಮಿಷವೂ ಅತ್ತೆ ಒಬ್ಬರೇ ಬೈದರು. ಒಂಬತ್ತನೆಯದಕ್ಕೆ ಅವನು ಜುಟ್ಟಿನಿಂದ ಶುರುಮಾಡಿದ; ಮನೆ ಮುಟ್ಟಿದರೂ ಕೊಕ್ಕಿನವರೆಗೆ ಬಂದಿರಲಿಲ್ಲ.

ಬಾಗಿಲಲ್ಲಿ ಕಾಯುತ್ತಿದ್ದ ಹೆಂಡತಿ, ಬೀದಿಯ ಕೊನೆಯಿಂದಲೇ ಅವನ ದನಿ ಕೇಳಿ ಒಪ್ಪಂದ ಮುರಿಯಿತೆಂದು ಮುಖ ಸಣ್ಣದು ಮಾಡಿಕೊಂಡಳು. ಅತ್ತೆ ಅವಳನ್ನು ದಾಟಿ ಒಳಗೆ ಹೋಗಿ ಕಟ್ಟಿಟ್ಟಿದ್ದ ಪೆಟ್ಟಿಗೆ ಬಿಚ್ಚಿದರು.