ಬಯಲಿನ ಬಿಳಿ ಹಾಸು

ಇಂದು ಅಂಗಳದಲ್ಲಿ ಒಣಹಾಕಿದ ಧೋತರದ ಗಂಜಿಯ ವಾಸನೆಯೊಡನೆ ವಿಮಾನದ ಸದ್ದೂ ಸೇರಿ, ಗಜೇಂದ್ರಗಡದ ನನ್ನ ಬಾಲ್ಯ ಕಣ್ಮುಂದೆ ನಿಂತಿತು. ನೇಕಾರರಾದ ನಾವು ಸೀರೆಯ ಹಾಸಿನ, ಅಂದರೆ ಉದ್ದೆಳೆಗಳ, ಬಿಳಿ ನೂಲಿಗೆ ಗಂಜಿ ಹಚ್ಚಿ, ಬಯಲಿನಲ್ಲಿ ಉದ್ದಕ್ಕೆ ಬಿಗಿದು ಒಣಗಿಸುತ್ತಿದ್ದೆವು. ವಿಮಾನ ನಡೆಸುವವರು ನೆಲದ ಹೊಳೆ, ಹಾದಿಗಳನ್ನು ನೋಡಿಯೇ ಸಾಗುತ್ತಾರೆಂದು ಅಜ್ಜಿ ಕೇಳಿದ್ದಳು. ಒಂದು ದಿನ ವಿಮಾನದ ಸದ್ದು ಕಿವಿಗೆ ಬಿದ್ದೊಡನೆ ಆಕೆ ತಂದೆಯನ್ನು ಕೂಗಿದಳು.

“ನಮ್ಮ ಹಾಸನ್ನ ಹಾದಿ ಅಂತ ತಿಳದು ವಿಮಾನದಾಂವ ಇಲ್ಲೇ ಇಳೀತಾನ! ಲಗೂ ಸುತ್ತಪಾ!”

“ಹಸಿ ನೂಲು ಸುತ್ತಿದ್ರ ಅಂಟಿಕೊಂಡು ಹಾಳಾಗ್ತೈತಿ, ಅವ್ವಾ,” ಎಂದರು ತಂದೆ.

“ನೂಲು ಹೋಗ್ಲಿ, ಕೂಸು ಉಳೀಲಿ! ಶಿವನ, ಕಾಯಪ್ಪಾ!”

ಶಿವನಾಮ ಜಪಿಸುತ್ತ ನಾನೂ ಸುತ್ತಿದೆ. ವಿಮಾನ ತನ್ನ ಪಾಡಿಗೆ ಹೋಯಿತು; ಹಾಸು ಹಾಳಾಯಿತು.

ಈಗಿನ ವಿಮಾನಗಳು ಉಪಗ್ರಹಗಳ ಸಂಕೇತದಿಂದ ದಾರಿ ಅರಿಯುತ್ತವೆಂದು ಮೊಮ್ಮಗಳು ತಿಳಿಸಿದಳು. ತಲೆಯಾಡಿಸಿದೆ. ಆದರೂ ಸದ್ದು ಅಡಗುವ ಮುನ್ನವೇ ಧೋತರವನ್ನು ಹಸಿಯಾಗಿಯೇ ಮಡಚಿ ಒಳತಂದಿದ್ದೆ.